ಮಂಚದ ಮೇಲೆ ಸರಿಯಿದ್ದ ಕೌದಿ ಗೋಡೆಗೆ ಹಾಕಿದರೆ ಅಲೆ ಅಲೆ. ಏನು ಮಾಡಲಿ?

ಡೊಂಬಿವಲಿ_ಸೂಜಿ:
ಅಮ್ಮನ ಹಳೆ ಇಳಕಲ್ ಸೀರೆ ಕೊಟ್ಟು ಒಬ್ಬರ ಹತ್ತಿರ ಕೌದಿ ಹೊಲಿಸಿದೆ. ಊರ ಕೌದಿ ಥರ ಅಲ್ಲ, ಮೆಷೀನ್ ಹೊಲಿಗೆ. ಬೂದು ಕಾಟನ್ ನಡುವೆ ಕೆಂಪು ಪಟ್ಟಿ, ಸುತ್ತ ಅಗಲವಾದ ಬಾರ್ಡರ್. 60×80 ಇಂಚು. ಎರಡು ತಿಂಗಳು ಮಂಚದ ಮೇಲಿತ್ತು, ಏನೂ ತೊಂದರೆ ಇರಲಿಲ್ಲ. ಇಲ್ಲಿನ ಸೆಕೆಗೆ ಹೊದೆಯೋದು ಅಷ್ಟರಲ್ಲೇ ಇದೆ ಅಂತ ಹಾಲ್‌ನ ಗೋಡೆಗೆ ಹಾಕಿದೆ, ಐದು ಪರದೆ ಕ್ಲಿಪ್ ಕಚ್ಚಿಸಿ. ಈಗ ಮೇಲೆ ಕ್ಲಿಪ್ಪುಗಳ ನಡುವೆ ಜೋಲು, ಕೆಳಗಿನ ಅಂಚು ಸುಟ್ಟ ಹಪ್ಪಳದ ಹಾಗೆ. ಹೊಲಿದವರು "ನಿಮ್ಮ ಗೋಡೆಯೇ ಸೊಟ್ಟ" ಅಂದರು. ಕೆಳಗೆ ಭಾರಕ್ಕೆ ಕೋಲು ಕಟ್ಟಿದೆ, ಇನ್ನೂ ಕೆಟ್ಟದಾಯಿತು.

ಪುಣೆ_ಕೌದಿ:
ಅಕ್ಕಾ, ಜೋಲು ಬೇರೆ, ಅಲೆ ಬೇರೆ. ಜೋಲಿಗೆ ಕ್ಲಿಪ್ಪೇ ಕಾರಣ. ಅಲೆಗೆ ಮೊದಲು ಟೇಪ್ ಹಿಡಿಯಿರಿ. ಕೌದಿ ಇಳಿಸಿ ನೆಲದ ಮೇಲೆ ಹಾಸಿ, ಎಳೆಯಬೇಡಿ. ಅಗಲವನ್ನು ಮೂರು ಕಡೆ ಅಳೆಯಿರಿ: ಮೇಲಿನ ಅಂಚು, ನಟ್ಟನಡು, ಕೆಳಗಿನ ಅಂಚು.

ಡೊಂಬಿವಲಿ_ಸೂಜಿ:
ಮೇಲೆ 60¼, ನಡುವೆ 60, ಕೆಳಗೆ 61½. ಅಂದರೆ ಗೋಡೆಯ ತಪ್ಪಲ್ಲ, ಅಲ್ವಾ?

ಪುಣೆ_ಕೌದಿ:
ಪಾಪ, ಗೋಡೆ ನಿರಪರಾಧಿ. ಬಾರ್ಡರ್ ಪಟ್ಟಿಯನ್ನು ಅಳೆಯದೆ ಅಂಚಿಗಿಟ್ಟು ಸುಮ್ನೆ ಹೊಲಿಯುತ್ತಾ ಹೋಗಿ, ಉಳಿದದ್ದನ್ನು ಕೊನೆಗೆ ಕತ್ತರಿಸಿದ್ದಾರೆ ಅನ್ನಿಸುತ್ತೆ. ಹಾಗೆ ಮಾಡಿದರೆ ಪಟ್ಟಿ ಹಿಗ್ಗುತ್ತಾ ಹೋಗುತ್ತೆ. ನಡುವಿನ ಅಳತೆ ಹಿಡಿದು ಮೊದಲೇ ಕತ್ತರಿಸಬೇಕಿತ್ತು. ಮಂಚದ ಮೇಲಿದ್ದಾಗ ಅಂಚು ಗಾದಿಯಿಂದ ಕೆಳಗೆ ಜೋತಾಡುತ್ತೆ, ಒಂದೂವರೆ ಇಂಚು ಯಾರ ಕಣ್ಣಿಗೂ ಬೀಳಲ್ಲ. ಗೋಡೆ ಏನನ್ನೂ ಮುಚ್ಚಿಡಲ್ಲ. ಅದಕ್ಕೇ ನಾನು ಯಾರಾದರೂ ಕೌದಿ ಕೇಳಿದರೆ ಹೊದೆಯೋಕಾ, ನೋಡೋಕಾ ಅಂತ ಮೊದಲೇ ಕೇಳ್ತೀನಿ.

ಒಂದೂವರೆ ಇಂಚು ಆದ್ದರಿಂದ ಬಾರ್ಡರ್ ಬಿಚ್ಚಬೇಕಿಲ್ಲ. ಕೆಳಗಿನ ಬೈಂಡಿಂಗ್ (ಅಂಚು ಮುಚ್ಚಿ ಹೊಲಿದ ಸಣ್ಣ ಪಟ್ಟಿ) ಮಾತ್ರ ಬಿಚ್ಚಿ. ಅಂಚಿನಿಂದ ಕಾಲು ಇಂಚು ಒಳಗೆ ಗಟ್ಟಿ ದಾರದಲ್ಲಿ ಉದ್ದ ಉದ್ದ ಹೊಲಿಗೆ ಹಾಕಿ, 60 ಇಂಚಿಗೆ ಬರುವವರೆಗೆ ನಿಧಾನಕ್ಕೆ ಎಳೆಯಿರಿ. ಆ ಹೆಚ್ಚುವರಿ ಬಟ್ಟೆಯನ್ನು ಇಡೀ ಅಂಚಿಗೆ ಹಂಚಿ, ಒಂದೇ ಕಡೆ ನೆರಿಗೆ ಬೀಳಬಾರದು. ಆಮೇಲೆ ಒದ್ದೆ ಮಾಡಿ ನೆಲದ ಮೇಲೆ ಮೂಲೆ ಸರಿಮಾಡಿ ಹಾಸಿ, ಫ್ಯಾನ್ ಕೆಳಗೆ ಪೂರ್ತಿ ಒಣಗಲಿ. ಅದಕ್ಕೂ ಮೊದಲು ಆ ಕೆಂಪಿನ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಪೂರ್ತಿ ನೆನೆಸಬೇಡಿ, ಅಂಚಿಗೆ ಮಾತ್ರ ಸ್ವಲ್ಪ ನೀರು ಚಿಮುಕಿಸಿ. ಉಪ್ಪು ನೀರಲ್ಲಿ ಅದ್ದಿ ಅಂತ ಯಾರಾದರೂ ಹೇಳೇ ಹೇಳ್ತಾರೆ. ಬಿಡುವ ಬಣ್ಣ ಉಪ್ಪಿಗೆ ನಿಲ್ಲಲ್ಲ.

ಮಡಗಾಂವ್_ತೇಪೆ:
ಜೋಲಿಗೆ ನಂದೊಂದು ಮಾತು. ಕ್ಲಿಪ್ ಬಿಸಾಕಿ. 9 ಇಂಚು ಅಗಲದ ಬಟ್ಟೆ ಮಡಚಿ 4 ಇಂಚಿನ ತೋಳು ಮಾಡಿ, ಹಿಂಬದಿ ಮೇಲಂಚಿಗೆ ಉದ್ದಕ್ಕೂ ಕೈಹೊಲಿಗೆ ಹಾಕಿ. ಸೂಜಿ ಮುಂದಿನ ಬಟ್ಟೆಗೆ ತಾಗಬಾರದು. ಒಳಗೆ ಚಪ್ಪಟೆ ಮರದ ಪಟ್ಟಿ ತೂರಿಸಿದರೆ ಭಾರ ಎಲ್ಲ ಕಡೆ ಸಮ ಹಂಚಿಕೊಳ್ಳುತ್ತೆ. ಮತ್ತೆ, ಆ ಗೋಡೆ ಮಳೆ ಹೊಡೆಯುವ ಕಡೆಯದಾ? ಹಾಗಿದ್ದರೆ ಜೂನ್ ಬರುವ ಮೊದಲೇ ಇಳಿಸಿ. ನನ್ನದಕ್ಕೆ ಹಿಂದೆ ಬೂಷ್ಟು ಹಿಡಿದು, ತೊಳೆದರೂ ಕಪ್ಪು ಚುಕ್ಕೆ ಹೋಗಿಲ್ಲ.

ಇನ್ನೊಂದು. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿದೀರಾ? ಅವರು ಅಂಚಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ. ಕೊನೆಗೆ ಬಾರ್ಡರ್ ಅಂಟಿಸುವ ಕೆಲಸವೇ ಇಲ್ಲ. ಇನ್ನೊಂದು ಮಾಡಿಸೋದಾದರೆ ಹಾಗೆ ಮಾಡಿಸಿ.

ಡೊಂಬಿವಲಿ_ಸೂಜಿ:
ಎರಡು ವಾರ ಆಯಿತು, ಮುಗಿಸಿದೆ. ಕೆಂಪು ಬಣ್ಣ ಬಿಳಿ ಬಟ್ಟೆಗೆ ಹತ್ತಿತು, ಹಾಗಾಗಿ ಅಂಚನ್ನು ಮಾತ್ರ ಒದ್ದೆ ಮಾಡಿದೆ. ಈಗ ಕೆಳಗೆ 60¼. ತೋಳು ಹೊಲಿಯೋಕೆ ಮೂರು ಸಂಜೆ ಹಿಡಿಯಿತು, ಬೆರಳು ತೂತು. ಗೋಡೆ ಪಶ್ಚಿಮದ್ದೇ. ಮಳೆಗಾಲಕ್ಕೆ ಮತ್ತೆ ಮಂಚಕ್ಕೆ.