ಪದಚರ್ಚೆ: ರೋಮನ್ನರ ‘ಇಂಪೆರಾಟೊರ್’ ನಮ್ಮ ಚಕ್ರವರ್ತಿಯೇ?

ಪ್ರಶ್ನೆ:

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬೇಕಾಗಿದೆ. ರೋಮ್ ಆಳಿದ ಟೈಬೀರಿಯಸ್‌ನ ದಿನಾರಿಯಸ್‌ಗಳಲ್ಲಿ (ಬೆಳ್ಳಿ ನಾಣ್ಯಗಳಲ್ಲಿ) ಭಾರತದಲ್ಲಿ ಹೆಚ್ಚು ಸಿಗುವ ಬಗೆಯ ಮುಮ್ಮುಖದ ಒಕ್ಕಣೆ ‘ಟಿ ಕೈಸರ್ ಡೀವಿ ಔಗ್ ಎಫ್ ಔಗುಸ್ಟುಸ್’. ಹಿಮ್ಮುಖದಲ್ಲಿ ಕುಳಿತ ಹೆಣ್ಣಿನ ಸುತ್ತ ‘ಪೊಂಟಿಫ್ ಮಾಕ್ಸಿಮ್’. ಇದನ್ನು ‘ದೈವಾಂಶಸಂಭೂತ ಚಕ್ರವರ್ತಿ ಟೈಬೀರಿಯಸ್, ಜಗದ್ಗುರು’ ಎಂದು ಅನುವಾದಿಸಿದ್ದು ಕಂಡೆ. ಸರಿಯೇ? ಇಂಪೆರಾಟೊರ್, ಸೀಸರ್, ಆಗಸ್ಟಸ್ ಮೂರಕ್ಕೂ ‘ಚಕ್ರವರ್ತಿ’ ಸಾಕೇ? ಡಿಕ್ಟೇಟರ್‌ಗೆ ‘ಸರ್ವಾಧಿಕಾರಿ’ ಹೊಂದುತ್ತದೆಯೇ?

ಉತ್ತರ:

ಆ ಅನುವಾದದಲ್ಲಿ ‘ಟೈಬೀರಿಯಸ್’ ಒಂದು ಬಿಟ್ಟರೆ ಉಳಿದದ್ದೆಲ್ಲ ತಿದ್ದಬೇಕು. ‘ಎಫ್’ ಎಂದರೆ ಫೀಲಿಯುಸ್, ಮಗ. ‘ಡೀವಿ ಔಗ್’ ಷಷ್ಠಿಯಲ್ಲಿದೆ. ಹಾಗಾಗಿ ದೈವತ್ವ ಟೈಬೀರಿಯಸ್‌ನದಲ್ಲ, ಅವನನ್ನು ಕ್ರಿ.ಶ. 4ರಲ್ಲಿ ದತ್ತು ತೆಗೆದುಕೊಂಡ, ಅವನಿಗಿಂತ ಮೊದಲು ಆಳಿದ ಆಗಸ್ಟಸ್‌ನದು. ‘ದೈವತ್ವಕ್ಕೇರಿದ ಆಗಸ್ಟಸ್‌ನ ಮಗ ಟೈಬೀರಿಯಸ್ ಸೀಸರ್ ಆಗಸ್ಟಸ್’ ಎಂದು ಬರೆಯಿರಿ. ‘ಪೊಂಟಿಫೆಕ್ಸ್ ಮಾಕ್ಸಿಮುಸ್’ ರೋಮ್ ನಗರದ ಒಂದು ಪುರೋಹಿತ ಮಂಡಳಿಯ ಮುಖ್ಯಸ್ಥ. ಜಗತ್ತಿಗೂ ಅವನಿಗೂ ಸಂಬಂಧವಿಲ್ಲ, ‘ಪ್ರಧಾನ ಪುರೋಹಿತ’ ಸಾಕು.

‘ಡೀವಿ’ಯ ಮೂಲರೂಪವಾದ ‘ಡೀವುಸ್’ಗೆ ಕೆಲವರು ‘ದಿವಂಗತ’ ಎಂದು ಬರೆಯುವುದುಂಟು. ಧ್ವನಿಯೂ ಹತ್ತಿರ, ಸತ್ತವನಿಗೆ ಹೇಳುವುದೂ ನಿಜ. ಆದರೆ ನಮ್ಮಲ್ಲಿ ತೀರಿಕೊಂಡವರೆಲ್ಲ ದಿವಂಗತರು. ರೋಮ್‌ನಲ್ಲಿ ಸೆನೆಟ್ ನಿರ್ಣಯ ಮಾಡಿದರಷ್ಟೇ ಡೀವುಸ್. ಆಗಸ್ಟಸ್‌ಗೆ, ಕ್ಲಾಡಿಯಸ್‌ಗೆ ಅದು ಸಿಕ್ಕಿತು. ಟೈಬೀರಿಯಸ್, ಕ್ಯಾಲಿಗುಲ, ನೀರೋ ಇವರಿಗೆ ಸಿಗಲಿಲ್ಲ.

ಇನ್ನು ಚಕ್ರವರ್ತಿ. ಆ ಒಕ್ಕಣೆಯಲ್ಲಿ ‘ಇಂಪ್’ (ಇಂಪೆರಾಟೊರ್‌ನ ಹ್ರಸ್ವರೂಪ) ಎಂಬುದೇ ಇಲ್ಲ ಎನ್ನುವುದನ್ನು ಗಮನಿಸಿ. ಆಗಸ್ಟಸ್ ‘ಇಂಪೆರಾಟೊರ್’ ಅನ್ನು ತನ್ನ ಹೆಸರಿನ ಮೊದಲ ಭಾಗವಾಗಿಯೇ ಇಟ್ಟುಕೊಂಡಿದ್ದ, ಟೈಬೀರಿಯಸ್ ಹಾಗೆ ಇಟ್ಟುಕೊಳ್ಳಲು ಒಪ್ಪಲಿಲ್ಲ. ಮೂಲದಲ್ಲಿ ಅದು ಗೆದ್ದ ಸೇನಾನಿಯನ್ನು ಸೈನಿಕರು ರಣರಂಗದಲ್ಲೇ ಕೂಗಿ ಕೊಡುತ್ತಿದ್ದ ಗೌರವ. ವಾಗ್ಮಿ ಸಿಸೆರೊ ಕ್ರಿ.ಪೂ. 51ರಲ್ಲಿ ಸಿಲಿಸಿಯಾದಲ್ಲಿ ಒಂದು ಸಣ್ಣ ಗೆಲುವಿಗೆ ಇಂಪೆರಾಟೊರ್ ಅನ್ನಿಸಿಕೊಂಡು ಪತ್ರಗಳಲ್ಲೂ ಹಾಗೆಯೇ ಬರೆದುಕೊಂಡ. ಅವನನ್ನು ಚಕ್ರವರ್ತಿ ಎಂದರೆ ನಗೆಪಾಟಲು. ಅರಸುಮನೆತನದವನಲ್ಲದವನಿಗೆ ಈ ಗೌರವ ಕೊನೆಯ ಬಾರಿ ಸಂದದ್ದು ಕ್ರಿ.ಶ. 22ರಲ್ಲಿ, ಆಫ್ರಿಕಾದಲ್ಲಿ ಗೆದ್ದ ಬ್ಲೇಸಸ್‌ಗೆ. ಆಮೇಲೆ ಅದು ಆಳುವವನ ಸ್ವತ್ತಾಯಿತು. ಕನ್ನಡದಲ್ಲಿ ಇದು ‘ದಂಡನಾಯಕ’ ಅಲ್ಲ, ಏಕೆಂದರೆ ದಂಡನಾಯಕ ಹುದ್ದೆ; ಇಂಪೆರಾಟೊರ್ ಮೊದಲಿಗೆ ಬಿರುದು. ಗಣರಾಜ್ಯದ ಕಾಲಕ್ಕೆ ‘ವಿಜಯಿ ಸೇನಾನಿ’ ಎಂಬ ಬಿರುದೆಂದು ವಿವರಿಸಿ, ಪದವನ್ನು ಹಾಗೆಯೇ ಉಳಿಸುವುದು ಲೇಸು.

ಬಿರುದಿನ ಮಾತು ಬಂದದ್ದಕ್ಕೆ ಇನ್ನೊಂದು: ರೋಮ್‌ನ ಚಕ್ರವರ್ತಿ ಟ್ರಾಜನ್‌ನ ‘ಡಾಕಿಕುಸ್’ ನೋಡಿದಾಗ ವಿಷ್ಣುವರ್ಧನನ ‘ತಲಕಾಡುಗೊಂಡ’ ನೆನಪಾಗುವುದು ಸಹಜ. ಆದರೆ ‘ಡೇಸಿಯಾಗೊಂಡ’ ಎನ್ನಬೇಡಿ. ಬಿರುದು ಬಂದದ್ದು ಕ್ರಿ.ಶ. 102ರಲ್ಲಿ, ಡೇಸಿಯಾ (ಇಂದಿನ ರುಮೇನಿಯಾದ ಭಾಗ) ರೋಮ್‌ಗೆ ಸೇರಿದ್ದು 106ರಲ್ಲಿ. ‘ಡೇಸಿಯನ್ನರನ್ನು ಗೆದ್ದವ’ ಎಂದರೆ ಸರಿಹೋಗುತ್ತದೆ.

ಸೀಸರ್ ಮೊದಲು ಒಂದು ಮನೆತನದ ಹೆಸರು. ಜೂಲಿಯಸ್ ಸೀಸರ್ ಚಕ್ರವರ್ತಿಯಾಗಿರಲೇ ಇಲ್ಲ; ಕ್ರಿ.ಪೂ. 44ರ ಮಾರ್ಚ್ 15ರಂದು ಕೊಲೆಯಾದಾಗ ಅವನು ಆಜೀವ ಡಿಕ್ಟೇಟರ್. ಆ ಮನೆತನ ಕ್ರಿ.ಶ. 68ರಲ್ಲಿ ನೀರೋನೊಂದಿಗೆ ಮುಗಿದರೂ ಹೆಸರು ಪದವಿಯಾಗಿ ಉಳಿಯಿತು. 293ರಲ್ಲಿ ಡಯೊಕ್ಲೀಷಿಯನ್ ಇಬ್ಬರು ಆಗಸ್ಟಸ್‌ರು, ಅವರ ಕೈಕೆಳಗೆ ಇಬ್ಬರು ಸೀಸರ್‌ರು ಎಂಬ ಏರ್ಪಾಡು ಮಾಡಿದ. ಇಲ್ಲಿ ಎರಡಕ್ಕೂ ‘ಚಕ್ರವರ್ತಿ’ ಹಾಕಿದರೆ ವಾಕ್ಯವೇ ಅರ್ಥವಾಗುವುದಿಲ್ಲ. ವ್ಯಕ್ತಿಗೆ ‘ಸೀಸರ್’, ಪದವಿಗೆ ‘ಕೈಸರ್’ ಎಂದು ಬೇರೆ ಬೇರೆ ಬರೆಯುವ ಸಲಹೆಯೂ ಇದೆ. ನನಗದು ಹಿಡಿಸದು, ಒಂದೇ ಪದವೆಂಬುದು ಓದುಗರಿಗೆ ತಪ್ಪಿಹೋಗುತ್ತದೆ.

‘ಆಗಸ್ಟಸ್’ ಕ್ರಿ.ಪೂ. 27ರ ಜನವರಿ 16ರಂದು ಸೆನೆಟ್ ಕೊಟ್ಟ ಹೆಸರು. ಅರ್ಥದಲ್ಲಿ ‘ಪೂಜ್ಯ’ಕ್ಕೆ ಹತ್ತಿರ. ಅವನ ಹೆಂಡತಿ ಲಿವಿಯಾಗೆ ‘ಆಗಸ್ಟಾ’ ಎಂಬ ಹೆಸರು ಬಂದದ್ದು ಗಂಡ ಸತ್ತ ಮೇಲೆ, ಅವನ ಉಯಿಲಿನ ಪ್ರಕಾರ. ಅದನ್ನು ‘ಚಕ್ರವರ್ತಿನಿ’ ಎಂದರೆ ಮಗ ಟೈಬೀರಿಯಸ್ ಆಳುತ್ತಿದ್ದಾಗ ತಾಯಿ ಪಟ್ಟಕ್ಕೇರಿದಂತಾಗುತ್ತದೆ.

ಡಿಕ್ಟೇಟರ್‌ಗೆ ‘ಸರ್ವಾಧಿಕಾರಿ’ ಇರಲಿ. ಇಂದು ಆ ಪದ ಕೇಳಿದರೆ ಹಿಟ್ಲರ್ ಕಣ್ಮುಂದೆ ಬರುತ್ತಾನೆ, ನಿಜ. ಆದರೆ ಹೊಯ್ಸಳ ಶಾಸನಗಳ ‘ಮಹಾಪ್ರಧಾನ ಸರ್ವಾಧಿಕಾರಿ’ ಅರಸ ನೇಮಿಸಿದ ಅಧಿಕಾರಿ. ಹಳೆಯ ರೋಮ್‌ನ ಡಿಕ್ಟೇಟರ್ ಕೂಡ ನೇಮಕಗೊಂಡವನೇ: ಆಪತ್ತಿನಲ್ಲಿ ಕಾನ್ಸಲ್ (ವರ್ಷಕ್ಕೊಮ್ಮೆ ಆಯ್ಕೆಯಾಗುವ ಇಬ್ಬರು ಮುಖ್ಯಾಧಿಕಾರಿಗಳಲ್ಲಿ) ಒಬ್ಬನು ಹೆಸರಿಸುತ್ತಿದ್ದ, ಅವಧಿ ಹೆಚ್ಚೆಂದರೆ ಆರು ತಿಂಗಳು. ಕಾನ್ಸಲ್‌ನ ಮುಂದೆ ದಂಡದ ಕಟ್ಟು ಹೊತ್ತು 12 ಜನ ನಡೆದರೆ ಇವನ ಮುಂದೆ 24 ಜನ. ಮೊದಲ ಬಾರಿ ಬಂದಾಗ ‘ಆರು ತಿಂಗಳ ಸರ್ವಾಧಿಕಾರಿ’ ಎಂದು ಬರೆದರೆ ಗೊಂದಲವಿರದು.

ಮತ್ತೊಂದು ಉತ್ತರ:

ಮೇಲಿನದಕ್ಕೆ ಒಂದು ತಕರಾರು. ಇತಿಹಾಸಕಾರ ತನ್ನ ಮಾತಿನಲ್ಲಿ ‘ಚಕ್ರವರ್ತಿ ಟೈಬೀರಿಯಸ್’ ಎಂದರೆ ತಪ್ಪೇನಿಲ್ಲ, ಆಳಿದ್ದು ಅವನೇ ತಾನೆ. ಅದನ್ನು ನಾಣ್ಯದ ಬಾಯಲ್ಲಿ ಹೇಳಿಸಬಾರದು, ಅಷ್ಟೆ.

ಅಂಕಿಗಳಲ್ಲೂ ಜನ ಎಡವುತ್ತಾರೆ. ರೋಮ್‌ನ ಪ್ಯಾಂಥಿಯನ್ ದೇವಾಲಯದ ಮೇಲಿನ ‘ಕೋಸ್ ಟೆರ್ಟಿಯುಂ’ ಎಂದರೆ ಆಗಸ್ಟಸ್‌ನ ಸೇನಾನಿ ಅಗ್ರಿಪ್ಪ ಮೂರನೆಯ ಸಲ ಕಾನ್ಸಲ್ ಆಗಿದ್ದಾಗ ಎಂದರ್ಥ. ‘ಮೂರನೆಯ ಅಗ್ರಿಪ್ಪ’ ಅಲ್ಲ. ‘ಇಂಪ್’ ಹೆಸರಿನ ಮೊದಲಲ್ಲಿ ಅಂಕಿಯಿಲ್ಲದೆ ಬಂದರೆ ಅದು ಹೆಸರಿನ ಭಾಗ. ಅಂಕಿಯೊಡನೆ ಬಂದರೆ ಸೈನ್ಯ ಎಷ್ಟು ಸಲ ಜಯಘೋಷ ಮಾಡಿತು ಎಂಬ ಲೆಕ್ಕ. ಆಗಸ್ಟಸ್‌ನ ಲೆಕ್ಕ 21ಕ್ಕೆ ನಿಂತಿತು. ಹೆಸರಾಗಿ ಬೇಡವೆಂದ ಟೈಬೀರಿಯಸ್ ಕೂಡ ಲೆಕ್ಕ ಬಿಡಲಿಲ್ಲ: ನಾಲ್ಕು ಕುದುರೆಯ ರಥವಿರುವ ಅವನ ದಿನಾರಿಯಸ್‌ನಲ್ಲಿ ‘ಇಂಪ್ 7’ ಎಂದೂ ‘ಟ್ರ್ ಪೋಟ್ 16’ ಎಂದೂ ರೋಮನ್ ಅಂಕಿಯಲ್ಲಿದೆ.

ಈ ‘ಟ್ರ್ ಪೋಟ್’, ಅಂದರೆ ಟ್ರಿಬ್ಯೂನ್ (ಜನಸಾಮಾನ್ಯರ ಪ್ರತಿನಿಧಿ) ಅಧಿಕಾರ, ವರ್ಷವರ್ಷ ನವೀಕರಣವಾಗುತ್ತಿದ್ದುದರಿಂದ ಕಾಲ ಹೇಳಲು ಬಲು ಉಪಯುಕ್ತ. ಆದರೆ ಟೈಬೀರಿಯಸ್‌ನಲ್ಲಿ ನೇರ ಎಣಿಕೆ ಕೈಕೊಡುತ್ತದೆ. ಅವನಿಗೆ ಅದು ಮೊದಲು ಸಿಕ್ಕಿದ್ದು ಕ್ರಿ.ಪೂ. 6ರಲ್ಲಿ, ಐದು ವರ್ಷಕ್ಕೆ. ಅವಧಿ ಮುಗಿದಾಗ ಅವನು ರೋಡ್ಸ್ ದ್ವೀಪದಲ್ಲಿದ್ದ. ಮತ್ತೆ ಸಿಕ್ಕಿದ್ದು ಕ್ರಿ.ಶ. 4ರಲ್ಲಿ, ಆರನೆಯದಾಗಿ. ನಡುವಿನ ಬಿಡುವು ಮರೆತರೆ 16 ಎಂಬುದು ಕ್ರಿ.ಶ. 10–11 ಆಗಿ, ಆಗಸ್ಟಸ್ ಬದುಕಿರುವಾಗಲೇ ಟೈಬೀರಿಯಸ್ ಅವನನ್ನು ‘ಡೀವುಸ್’ ಎಂದ ಹಾಗಾಗುತ್ತದೆ. ಸರಿಯಾದ ಕಾಲ ಕ್ರಿ.ಶ. 14–15.