ದೊಡ್ಡಪ್ಪ, ಆ್ಯಂಟಿವೈರಸ್‌ಗೆ ಈಗಲೇ ದುಡ್ಡು ಕೊಡಬೇಡಿ

ದೊಡ್ಡಪ್ಪ, ನಮಸ್ಕಾರ. ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ್ದನ್ನು ಈಗ ಬೆಳಿಗ್ಗೆ ಕೂತು ಪೂರ್ತಿ ಓದಿದೆ. ಎರಡೂ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ದೊಡ್ಡಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ನೀವು ಹೇಳಿದ್ದು ಇಷ್ಟು ಅಲ್ವಾ. ಕಂಪ್ಯೂಟರ್ ಆನ್ ಮಾಡಿದರೆ ಕೆಲಸಕ್ಕೆ ಸಿಗಲು ಹತ್ತು ನಿಮಿಷ ಬೇಕು. ಬ್ಯಾಂಕಿನ ಸೈಟ್ ಒಂದೊಂದು ದಿನ ತೆರೆಯುವುದೇ ಇಲ್ಲ. ಪೇಟೆಯ ಅಂಗಡಿಯವರು ಬಂದು ನೋಡಿ ವೈರಸ್ ಅಂದರು. ಫಾರ್ಮ್ಯಾಟ್ ಮಾಡಿ, ಮೂರು ವರ್ಷದ ಆ್ಯಂಟಿವೈರಸ್ ಹಾಕಿಕೊಡುತ್ತೇವೆ ಅಂದರು. ಯಾವ ಕಂಪನಿಯದ್ದು ಒಳ್ಳೆಯದು ಅಂತ ನಿಮ್ಮ ಪ್ರಶ್ನೆ. ಅಣ್ಣ ಅಮೆರಿಕದಿಂದ, ಹೊಸ ಕಂಪ್ಯೂಟರನ್ನೇ ತಗೊಳ್ಳಿ ಅಂತ ಬರೆದಿದ್ದಾನೆ.

ನನ್ನ ಪ್ರಕಾರ ಈಗ ಎರಡೂ ಬೇಡ. ನಿಧಾನ ಆಗುವುದು ಬೇರೆ, ವೈರಸ್ ಬೇರೆ. ನಿಧಾನಕ್ಕೆ ಆ್ಯಂಟಿವೈರಸ್ ಔಷಧಿ ಅಲ್ಲ. ಎಷ್ಟೋ ಸಲ ಅದೇ ನಿಧಾನಕ್ಕೆ ಕಾರಣ ಆಗಿರುತ್ತದೆ.

ಆದರೆ ಎಲ್ಲಕ್ಕಿಂತ ಮೊದಲು ಒಂದು ಕೆಲಸ. ಫಾರ್ಮ್ಯಾಟ್ ಅಂದರೆ ಅಳಿಸುವುದು, ದೊಡ್ಡಪ್ಪ. ಅಜ್ಜಿಯ ಎಂಬತ್ತರ ಫೋಟೋಗಳು, ಮನೆ ಒಕ್ಕಲಿನ ವಿಡಿಯೋ, ಇಷ್ಟು ವರ್ಷದ ಅಡಿಕೆ ಲೆಕ್ಕ, ಎಲ್ಲಾ ಅದೊಂದೇ ಡಿಸ್ಕಿನಲ್ಲಿದೆ. 2017ರಲ್ಲಿ ತಗೊಂಡ ಡಿಸ್ಕ್. ಇವತ್ತೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಎಲ್ಲಾ ಕಾಪಿ ಮಾಡಿ. ಕಾಪಿ ಆದ ಮೇಲೆ ಅದರಿಂದಲೇ ನಾಲ್ಕು ಫೋಟೋ ತೆರೆದು ನೋಡಿ. ಆಮೇಲೆ ಅದನ್ನು ಕಂಪ್ಯೂಟರಿನಿಂದ ಬಿಚ್ಚಿ ಬೀರುವಿನಲ್ಲಿಡಿ. ಅಜ್ಜಿ ನಕ್ಕಿರುವ ಫೋಟೋ ನಮ್ಮ ಹತ್ತಿರ ಇನ್ನೆಲ್ಲೂ ಇಲ್ಲ. ಇದಾಗುವವರೆಗೆ ಯಾರ ಕೈಗೂ ಮಷೀನ್ ಕೊಡಬೇಡಿ.

ಈಗ ನಿಮ್ಮ ಮೊದಲನೇ ಫೋಟೋ. ಕಪ್ಪು ಪರದೆ, ಬಿಳಿ ಅಕ್ಷರ. ದಿನಾಂಕ ಮತ್ತು ಸಮಯ ಸೆಟ್ ಆಗಿಲ್ಲ, ಮುಂದುವರಿಯಲು ಎಫ್‌1 ಒತ್ತಿ ಅಂತ ಇಂಗ್ಲಿಷಿನಲ್ಲಿದೆ. ದೊಡ್ಡಮ್ಮ ಅದನ್ನು ಒತ್ತಿ ಕಾಫಿ ಮಾಡಲು ಹೋಗುತ್ತಾರೆ ಅಂತ ನೀವೇ ಬರೆದಿದ್ದೀರಿ. ಎರಡನೇ ಫೋಟೋದಲ್ಲಿ ಬಲಗಡೆ ಕೆಳಗಿನ ಮೂಲೆ ನೋಡಿ. ಗಡಿಯಾರ 2017ರ ಜನವರಿ 1 ತೋರಿಸುತ್ತಿದೆ. ಇದು ವೈರಸ್ ಅಲ್ಲ. ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗೆ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032 ಅಂತ. ಕರೆಂಟ್ ಇಲ್ಲದಾಗ ತಾರೀಖು, ಸಮಯ ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಆ ಬ್ಯಾಟರಿ ಸತ್ತಿದೆ, ಅಷ್ಟೇ.

ಬ್ಯಾಂಕಿನ ಸೈಟ್ ತೆರೆಯದೇ ಇರುವುದಕ್ಕೂ ಇದೇ ಕಾರಣ. ಪ್ರತಿ ಸುರಕ್ಷಿತ ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ 2017 ಅಂದುಕೊಂಡಿದ್ದರೆ ಈಗಿನ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ. ಅದಕ್ಕೇ ಕ್ರೋಮ್ ಬಾಗಿಲು ಹಾಕುತ್ತದೆ. ನಿಮ್ಮ ಗಡಿಯಾರ ಹಿಂದಿದೆ ಅಂತ ಅದೇ ಹೇಳುತ್ತದೆ ಕೂಡ. ಹಾಗಾದರೆ ಒಂದೊಂದು ದಿನ ಮಾತ್ರ ಯಾಕೆ? ಸಿಡಿಲಿನ ಭಯಕ್ಕೆ ರಾತ್ರಿ ಪ್ಲಗ್ ಕಿತ್ತಿಡುತ್ತೀರಲ್ಲ, ಅದರ ಮರುದಿನ ನೆನಪು ಮಾಡಿಕೊಳ್ಳಿ. ಪ್ಲಗ್ ಗೋಡೆಯಲ್ಲಿದ್ದು ಕರೆಂಟೂ ಇದ್ದರೆ ಬೋರ್ಡಿಗೆ ಅದೇ ಸಾಕು, ತಾರೀಖು ಉಳಿಯುತ್ತದೆ. ಪ್ಲಗ್ ತೆಗೆದ ರಾತ್ರಿ ಮರೆತುಬಿಡುತ್ತದೆ. ಪ್ಲಗ್ ತೆಗೆಯುವುದು ಬಿಡಬೇಡಿ, ನಮ್ಮ ಕಡೆಯ ಸಿಡಿಲಿಗೆ ಅದೇ ಸರಿ. ಬ್ಯಾಟರಿ ಬದಲಾಯಿಸಿ ಸಾಕು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ದುಬಾರಿ ಏನಲ್ಲ.

ಹಾಕುವುದು ಹೀಗೆ. ಶಟ್‌ಡೌನ್ ಮಾಡಿ, ಗೋಡೆಯಿಂದ ಪ್ಲಗ್ ತೆಗೆಯಿರಿ. ಆಮೇಲೆ ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗಲಿ. ಹಿಂದಿನ ಎರಡು ಸ್ಕ್ರೂ ಬಿಚ್ಚಿದರೆ ಪಕ್ಕದ ತಗಡು ಜಾರಿ ಬರುತ್ತದೆ. ಯಾವುದಾದರೂ ಕಬ್ಬಿಣ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಹೊಳೆಯುವ ಬ್ಯಾಟರಿ ಕಾಣುತ್ತದೆ, ಅದರ ಅಂಚಿನಲ್ಲಿ ಒಂದು ಸಣ್ಣ ತಗಡಿನ ಕೊಕ್ಕೆ. ಉಗುರಿನಿಂದ ಕೊಕ್ಕೆಯನ್ನು ಆಚೆಗೆ ತಳ್ಳಿದರೆ ಬ್ಯಾಟರಿ ಟಕ್ ಅಂತ ಮೇಲೆ ಏಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಇಟ್ಟು ಒತ್ತಿ. ತಗಡು ತೆಗೆದಿರುವಾಗಲೇ ಒಳಗಿನ ಧೂಳನ್ನು ಪೇಂಟ್ ಬ್ರಷ್‌ನಿಂದ ನಿಧಾನವಾಗಿ ಕೆಡವಿ. ಆನ್ ಮಾಡಿದ ಮೇಲೆ ತಾರೀಖು ಒಂದು ಸಲ ಸೆಟ್ ಮಾಡಬೇಕು, ಅದನ್ನು ಭಾನುವಾರ ವಿಡಿಯೋ ಕಾಲ್‌ನಲ್ಲಿ ನಾನು ಹೇಳಿಕೊಡುತ್ತೇನೆ. ಹಳೇ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಪುಟ್ಟಿ ಮನೆಯಲ್ಲಿದ್ದಾಳೆ, ನುಂಗಿದರೆ ಗಂಟಲಿನ ಒಳಗೇ ಸುಟ್ಟುಬಿಡುತ್ತದೆ. ಕೂಡಲೇ ಪೇಪರ್ ಟೇಪ್ ಸುತ್ತಿ ಎತ್ತರದಲ್ಲಿಡಿ.

ಇನ್ನು ಹತ್ತು ನಿಮಿಷದ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಣ್ಣದಾಗಿ ಕಂಡರೆ ಕೆಳಗೆ ಮೋರ್ ಡೀಟೇಲ್ಸ್ ಒತ್ತಿ. ಮೇಲೆ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಸಾಲು ಇರುತ್ತದೆ. ಆನ್ ಆದ ತಕ್ಷಣ ಡಿಸ್ಕ್ ಕೆಳಗೆ ನೂರು ಪರ್ಸೆಂಟ್ ಬಂದು ಅಲ್ಲೇ ನಿಂತಿದ್ದರೆ, ಸಿಪಿಯು ಮಾತ್ರ ಹತ್ತಿಪ್ಪತ್ತರಲ್ಲಿದ್ದರೆ, ರೋಗ ಡಿಸ್ಕಿನದ್ದು. ನನಗೆ ಹಾಗೇ ಅನಿಸುತ್ತಿದೆ. ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಒಂದು ಮುಳ್ಳು ಜಾಗದಿಂದ ಜಾಗಕ್ಕೆ ಓಡಿ ಓದುತ್ತದೆ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಫೈಲ್‌ಗಳು ಬೇಕು, ಒಂದೊಂದೂ ಒಂದೊಂದು ಕಡೆ. ಸೆಕೆಂಡಿಗೆ ನೂರು ಜಾಗಕ್ಕೆ ಹೋಗಿ ಬರುವಷ್ಟರಲ್ಲಿ ಅದಕ್ಕೆ ಸಾಕಾಗುತ್ತದೆ. ಅಡಿಕೆ ಕೊಯ್ಯುವ ನಮ್ಮ ಕೊನೆಗೌಡ ಮರದಿಂದ ಮರಕ್ಕೆ ದಾಟಿಕೊಂಡು ಹೋಗುತ್ತಾನಲ್ಲ, ಹಾಗೆ ಅಲ್ಲ ಇದು. ಪ್ರತಿ ಮರಕ್ಕೂ ಹತ್ತಿ, ಇಳಿದು, ಮತ್ತೆ ಹತ್ತಿ ಕೊಯ್ದ ಹಾಗೆ. ಇದರ ಬದಲು ಹಾಕುವ ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯ ಡಿಸ್ಕಿನಲ್ಲಿ ಮುಳ್ಳೂ ಇಲ್ಲ, ತಿರುಗುವುದೂ ಇಲ್ಲ. ಅದಕ್ಕೇ ಹತ್ತು ನಿಮಿಷದ್ದು ಒಂದು ನಿಮಿಷದೊಳಕ್ಕೆ ಇಳಿಯುತ್ತದೆ. ಅಪ್ಪನ ಕಂಪ್ಯೂಟರಿಗೆ ಹಾಕಿದ ದಿನ ಅಪ್ಪ ಅಭ್ಯಾಸಬಲದಿಂದ ಪೇಪರ್ ಬಿಡಿಸಿಕೊಂಡು ಕೂತಿದ್ದರು. ಮೊದಲನೇ ಪುಟ ಓದುವ ಮೊದಲೇ ಪರದೆ ಬಂದಿತ್ತು.

256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ನಿಮಗೆ ಸಾಕು. ಬೆಂಗಳೂರಿನ ತಮ್ಮ ಎಸ್‌ಪಿ ರೋಡಿನಲ್ಲಿ ತಗೊಂಡು ಹಬ್ಬಕ್ಕೆ ಬರುವಾಗ ತರಲಿ. ವಿಂಡೋಸ್ ಅದರಲ್ಲಿರಲಿ, ಹಳೇ ಡಿಸ್ಕ್ ಚೆನ್ನಾಗಿದ್ದರೆ ಫೋಟೋಗೆ ಉಳಿಯಲಿ. ಚೆನ್ನಾಗಿದೆಯೋ ಇಲ್ಲವೋ ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ನೀಲಿ ಬಂದರೆ ಸರಿ. ಹಳದಿ ಅಥವಾ ಕೆಂಪು ಬಂದರೆ ಆ ಡಿಸ್ಕ್ ನಂಬಬೇಡಿ. ನಿಮ್ಮ ವಿಂಡೋಸ್ ಅಸಲಿ, ಅದರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಹೊಸ ಡಿಸ್ಕಿಗೆ ಹಾಕಿದರೂ ನೆಟ್ ಸಿಕ್ಕ ತಕ್ಷಣ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಯಾರಾದರೂ ಫಾರ್ಮ್ಯಾಟ್ ಮಾಡಿ ಆ್ಯಕ್ಟಿವೇಟರ್, ಅಂದರೆ ಲೈಸೆನ್ಸ್ ಇಲ್ಲದೆ ವಿಂಡೋಸ್ ನಡೆಸುವ ಕಳ್ಳ ಸಾಫ್ಟ್‌ವೇರ್ ಹಾಕುತ್ತೇನೆ, ಅದಕ್ಕೆ ಸ್ವಲ್ಪ ಹೊತ್ತು ಆ್ಯಂಟಿವೈರಸ್ ಆಫ್ ಮಾಡಬೇಕು ಅಂದರೆ ಖಡಾಖಂಡಿತ ಬೇಡ ಅನ್ನಿ. ಕಳ್ಳನಿಗೆ ಬಾಗಿಲು ತೆಗೆದಿಟ್ಟ ಹಾಗೆ ಅದು.

ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟ್‌ಅಪ್ ಅಂತ ಇನ್ನೊಂದು ಟ್ಯಾಬ್ ಇದೆ. ಕಂಪ್ಯೂಟರ್ ಏಳುವಾಗ ಜೊತೆಗೇ ಏಳುವವರ ಪಟ್ಟಿ ಅದು. ಪ್ರಿಂಟರ್ ಕಂಪನಿಯ ಸಹಾಯಕ, ಹಾಡಿನ ಆ್ಯಪ್, ಟೊರೆಂಟ್, ಇಂಥವನ್ನು ಡಿಸೇಬಲ್ ಮಾಡಿ. ಅಳಿಸಿದ ಹಾಗಲ್ಲ ಅದು, ಬೇಕಾದಾಗ ನೀವೇ ತೆರೆಯಬಹುದು. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಇದ್ದರೆ ಹಾಗೇ ಇರಲಿ, ಸೊಸೈಟಿಯ ಪತ್ರಗಳಿಗೆ ನಿಮಗೆ ಬೇಕೇ ಬೇಕು. ಗೊತ್ತಾಗದ್ದನ್ನು ಮುಟ್ಟಬೇಡಿ, ಫೋಟೋ ಕಳಿಸಿ.

ಇರಿ, ಆ್ಯಂಟಿವೈರಸ್‌ಗೆ ಬರುತ್ತೇನೆ. ಅದೇ ಎರಡನೇ ಫೋಟೋದಲ್ಲಿ ಗಡಿಯಾರದ ಪಕ್ಕ ಎರಡು ಆ್ಯಂಟಿವೈರಸ್ ಗುರುತು ಕಾಣುತ್ತಿವೆ. ಒಂದು ಮಷೀನ್ ಜೊತೆ ಬಂದದ್ದು, ಅವಧಿ ಯಾವಾಗಲೋ ಮುಗಿದಿದೆ. ಇನ್ನೊಂದು ಉಚಿತದ್ದು, ಏನೋ ಡೌನ್‌ಲೋಡ್ ಮಾಡುವಾಗ ಜೊತೆಗೆ ಬಂದಿರಬೇಕು. ಒಂದು ಫೈಲ್ ತೆರೆದರೆ ಇಬ್ಬರೂ ತಡೆದು ನೋಡುತ್ತಾರೆ. ಮೊದಲೇ ಏದುಸಿರು ಬಿಡುವ ಡಿಸ್ಕ್, ಅದರ ಮೇಲೆ ಇಬ್ಬರು ಕಾವಲುಗಾರರು. ಎರಡನ್ನೂ ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ, ಒಂದಾದ ಮೇಲೆ ಒಂದು, ನಡುವೆ ರೀಸ್ಟಾರ್ಟ್. ಪೂರ್ತಿ ಹೋಗದಿದ್ದರೆ ಆಯಾ ಕಂಪನಿಯವರೇ ಕೊಡುವ ತೆಗೆಯುವ ಟೂಲ್ ಇರುತ್ತದೆ.

ಆಮೇಲೆ ಏನು ಹಾಕಲಿ ಅಂತೀರಿ. ಏನೂ ಬೇಡ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್‌ನ ಡಿಫೆಂಡರ್ ಒಳಗೇ ಇರುತ್ತದೆ. ಬೇರೆಯವರು ಬಂದರೆ ಅದು ಸರಿದು ನಿಲ್ಲುತ್ತದೆ, ಅವರು ಹೋದರೆ ತಾನೇ ಎದ್ದು ನಿಲ್ಲುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಟಿಕ್ ಇದೆಯಾ ನೋಡಿ. ಸುಮ್ನೆ ನನ್ನ ಮಾತು ಅಂತ ನಂಬಬೇಡಿ. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಎವಿ-ಟೆಸ್ಟ್ ಅಂತ ಸಂಸ್ಥೆ ಇದೆ. ರಕ್ಷಣೆ, ವೇಗ, ಬಳಕೆ, ಮೂರಕ್ಕೂ ಆರಾರು ಅಂಕ ಕೊಡುತ್ತಾರೆ. ಡಿಫೆಂಡರ್ ಎಷ್ಟೋ ಸಲ 18ಕ್ಕೆ 18 ತಗೊಂಡಿದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಎವಿ-ಕಂಪ್ಯಾರೆಟಿವ್ಸ್ ಅಂತ ಇನ್ನೊಂದು ಇದೆ. ಯಾವ ಕಂಪನಿಯದ್ದು ಅಂತ ಯೋಚನೆ ಬಂದಾಗ ಅಂಗಡಿಯವರ ಮಾತಿಗಿಂತ ಈ ಎರಡು ಕಡೆ ನೋಡುವುದು ಮೇಲು.

ದುಡ್ಡು ಕೊಟ್ಟು ತಗೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ತೊಂದರೆ ಆದಾಗ ಫೋನ್ ಮಾಡಿ ಕೇಳಲು ಒಬ್ಬರು ಬೇಕು ಅನಿಸಿದರೆ ಪುಣೆಯ ಕ್ವಿಕ್ ಹೀಲ್ ಇದೆ, ಚೆನ್ನೈನ ಕೆ7 ಇದೆ, ನಮ್ಮ ದೇಶದವೇ. ಆದರೆ ಒಂದೇ ಇರಲಿ. ಕಂಪನಿಯ ಸೈಟಿನಿಂದಲೇ ಒಂದು ವರ್ಷಕ್ಕೆ ತಗೊಳ್ಳಿ, ಆಟೋ ರಿನ್ಯೂವಲ್ ಆಫ್ ಮಾಡಿ. ಉಚಿತದ್ದಕ್ಕೆ ಮಾತ್ರ ಹುಷಾರು. 2024ರ ಫೆಬ್ರವರಿಯಲ್ಲಿ ಅಮೆರಿಕದ ಎಫ್‌ಟಿಸಿ, ಅಲ್ಲಿನ ಗ್ರಾಹಕರ ಹಿತ ನೋಡುವ ಸರ್ಕಾರಿ ಸಂಸ್ಥೆ, ಅವಾಸ್ಟ್ ಕಂಪನಿಗೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಜನ ಯಾವ ಯಾವ ಸೈಟ್ ನೋಡುತ್ತಾರೆ ಅನ್ನುವ ಮಾಹಿತಿಯನ್ನು ಮಾರಿದ್ದಕ್ಕೆ. ನಿಮಗೆ ನಿಜವಾಗಿ ವೈರಸ್ ಅನುಮಾನ ಇದ್ದರೆ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ. ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದವರೂ ಉಚಿತ ಟೂಲ್ ಕೊಡುತ್ತಾರೆ.

ಆ್ಯಂಟಿವೈರಸ್‌ಗಿಂತ ದೊಡ್ಡ ವಿಷಯ ವಿಂಡೋಸ್ ಅಪ್‌ಡೇಟ್. ನಿಮ್ಮದು ವಿಂಡೋಸ್ 10. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಏಳನೇ ತಲೆಮಾರಿನ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11 ನೇರವಾಗಿ ಬರುವುದಿಲ್ಲ. ಮನೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷಾ ಅಪ್‌ಡೇಟ್ ಕೊಡುತ್ತೇವೆ ಅಂದಿದ್ದಾರೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಉಚಿತ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಎನ್‌ರೋಲ್ ಅಂತ ಬರುತ್ತದೆ, ಆದರೆ ತಾರೀಖು ಸರಿ ಇದ್ದರೆ ಮಾತ್ರ ಇದೆಲ್ಲ ನಡೆಯುವುದು. ಅಣ್ಣ ಹೇಳಿದ ಹೊಸ ಕಂಪ್ಯೂಟರ್ ಆ ಅಪ್‌ಡೇಟೂ ನಿಂತ ಮೇಲಿನ ಮಾತು. ಆಗ ಎಸ್‌ಎಸ್‌ಡಿಯನ್ನು ಬಿಚ್ಚಿ ಅದಕ್ಕೇ ಹಾಕಬಹುದು, ದುಡ್ಡು ಹಾಳಾಗುವುದಿಲ್ಲ.

ಇನ್ನೊಂದು, ಇದನ್ನು ದೊಡ್ಡಮ್ಮ ಗಮನ ಇಟ್ಟು ಕೇಳಬೇಕು. ಹೋದ ವರ್ಷ ಅಪ್ಪನ ಪರದೆ ಇದ್ದಕ್ಕಿದ್ದ ಹಾಗೆ ಪೂರ್ತಿ ಕೆಂಪಾಯಿತು. ಸೈರನ್ ಶಬ್ದ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ ಅಂತ. ಅಪ್ಪ ಮಾಡಿಯೇಬಿಟ್ಟರು. ಆಚೆಯವನು ತುಂಬಾ ಮರ್ಯಾದೆಯಿಂದ ಮಾತಾಡುತ್ತಾ, ಪರದೆಯನ್ನು ದೂರದಿಂದ ನೋಡುವ ಒಂದು ಆ್ಯಪ್ ಹಾಕಿಸಿದ. ಮೌಸಿನ ಬಾಣ ತಾನಾಗೇ ಓಡಾಡಲು ಶುರುವಾಯಿತು. ಬ್ಯಾಂಕಿನ ಪಾಸ್‌ವರ್ಡ್ ಹಾಕಿ ನೋಡೋಣ ಅಂದಾಗ ಅಮ್ಮ ಅಡುಗೆಮನೆಯಿಂದ ಬಂದು ನೇರ ಪ್ಲಗ್ ಕಿತ್ತರು. ಅದರಿಂದ ಉಳಿದೆವು. ಅವತ್ತು ಅಪ್ಪನ ಕೈ ನಡುಗುತ್ತಿದ್ದದ್ದು ನನಗೆ ಇನ್ನೂ ಕಣ್ಣ ಮುಂದಿದೆ. ಯಾವ ಆ್ಯಂಟಿವೈರಸ್ ಇದ್ದರೂ ನಾವೇ ಒಳಗೆ ಕರೆದವನನ್ನು ಅದು ತಡೆಯುತ್ತದೆ ಅಂತ ನಂಬಿ ಕೂರಲು ಆಗುವುದಿಲ್ಲ. ಮೈಕ್ರೋಸಾಫ್ಟ್‌ನ ಯಾವ ಎಚ್ಚರಿಕೆಯಲ್ಲೂ ಫೋನ್ ನಂಬರ್ ಇರುವುದಿಲ್ಲ. ನಂಬರ್ ಕಂಡರೆ ಅದು ಮೋಸ. ಎಸ್ಕೇಪ್ ಒತ್ತಿ ಹಿಡಿಯಿರಿ, ಹೋಗದಿದ್ದರೆ ಪವರ್ ಆಫ್ ಮಾಡಿ, ನನಗೆ ಫೋನ್ ಮಾಡಿ. ದುಡ್ಡು ಹೋಗಿದೆ ಅಂತ ಗೊತ್ತಾದರೆ ನನಗಿಂತ ಮೊದಲು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವುದು ಸುಲಭ. ಯಾರೂ ಬೈಯುವುದಿಲ್ಲ, ಮುಚ್ಚಿಡಬೇಡಿ.

ಅಂಗಡಿಯವರಿಗೆ ಈ ವಾರ ಬೇಡ ಅಂತ ಹೇಳಿಬಿಡಿ. ಅಜ್ಜಿಯ ಫೋಟೋಗಳು ಕಾಪಿ ಆದ ಮೇಲೆ ಗ್ರೂಪಿಗೆ ಒಂದು ಮೆಸೇಜ್ ಹಾಕಿ, ಜೊತೆಗೆ ಟಾಸ್ಕ್ ಮ್ಯಾನೇಜರಿನ ಫೋಟೋ. ಭಾನುವಾರ ಹನ್ನೊಂದು ಗಂಟೆಗೆ ನಾನೇ ಕರೆ ಮಾಡುತ್ತೇನೆ. ಅಷ್ಟರಲ್ಲಿ ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಹುಡುಕಿಡಿ, ಹೊಲಿಗೆ ಮಷೀನಿನ ಡಬ್ಬಿಯಲ್ಲಿ ಇರಬೇಕು.