ಪದಚರ್ಚೆ: ‘ವೈಟ್ ಪ್ರಿವಿಲೇಜ್’ಗೆ ‘ಬಿಳಿಯರ ಸವಲತ್ತು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಊರೊಂದರ ಗ್ರಂಥಾಲಯದಲ್ಲಿ ಜನಾಂಗಭೇದ ಮತ್ತು ಸಾಮಾಜಿಕ ನ್ಯಾಯದ ಬಗ್ಗೆ ಕಲಿಕೆಯ ಕೂಟ ನಡೆಯುತ್ತದೆ. ಬಿಳಿಯರು, ಕಪ್ಪು ಜನ, ನಮ್ಮವರು ಎಲ್ಲ ಒಟ್ಟಿಗೆ ಕೂರುತ್ತಾರೆ. ಮಕ್ಕಳ ಮನೆಗೆ ಬಂದಿರುವ ಕನ್ನಡದ ಹಿರಿಯರೂ ಬರುವುದರಿಂದ ಎರಡು ಪುಟದ ಕನ್ನಡ ಕೈಪಿಡಿ ಬೇಕಾಗಿದೆ. ‘ವೈಟ್ ಪ್ರಿವಿಲೇಜ್’ (ಬಿಳಿಯರಾಗಿ ಹುಟ್ಟಿದ್ದಕ್ಕೇ ತಾನಾಗಿ ಒದಗುವ ಅನುಕೂಲ) ಎಂಬುದಕ್ಕೆ ಕರಡಿನಲ್ಲಿ ‘ಬಿಳಿಯರ ಸವಲತ್ತು’ ಎಂದಿದೆ. ನಿಘಂಟು ‘ವಿಶೇಷಾಧಿಕಾರ’ ಎನ್ನುತ್ತದೆ. ಯಾವುದು ಸರಿ? ‘ರೇಸ್’, ‘ಆಲೈ’, ‘ಕಾಕಸ್’, ‘ಫೆಸಿಲಿಟೇಟರ್’ ಇವಕ್ಕೂ ಸಲಹೆ ಕೊಡಿ.

ಉತ್ತರ 1

ನನ್ನ ಮಟ್ಟಿಗೆ ಎರಡೂ ಬೇಡ.

‘ಸವಲತ್ತು’ ಎಂದರೆ ಕನ್ನಡಿಗರ ಕಿವಿಗೆ ಸರ್ಕಾರ ಕೊಡುವಂಥದ್ದು: ಬಸ್ ಪಾಸು, ವಿದ್ಯಾರ್ಥಿವೇತನ, ಮೀಸಲಾತಿ. ಸವಲತ್ತು ಪಡೆದವರು ಯಾರೆಂದರೆ ಹಿಂದುಳಿದವರು, ಪರಿಶಿಷ್ಟರು. ಅಲ್ಲಿಗೆ ಅರ್ಥ ಪೂರ್ತಿ ತಿರುಗುಮುರುಗು. ‘ನಿಮಗೆ ಸಿಕ್ಕ ಸವಲತ್ತುಗಳನ್ನು ಬರೆಯಿರಿ’ ಎಂದು ಹಾಳೆ ಕೊಟ್ಟರೆ ಮೇಲ್ಜಾತಿಯ ಹಿರಿಯರೊಬ್ಬರು ‘ನಮಗೇನೂ ಇಲ್ಲಪ್ಪ, ನಾವು ಮೆರಿಟ್ಟಿನ ಮೇಲೆ ಬಂದವರು’ ಎಂದು ಖಾಲಿ ಹಾಳೆಯನ್ನೇ ವಾಪಸು ಕೊಡುತ್ತಾರೆ. ಕೇಳಿದ ಪದಕ್ಕೆ ಅವರು ಕೊಟ್ಟ ಉತ್ತರ ಸರಿಯೇ ಇದೆ.

‘ವಿಶೇಷಾಧಿಕಾರ’ ಕಾನೂನಿನ ಮಾತು. ಶಾಸಕರು ‘ಹಕ್ಕುಚ್ಯುತಿ’ ಎಂದು ಸದನದಲ್ಲಿ ಎದ್ದು ನಿಲ್ಲುವುದು ಅಂಥ ಹಕ್ಕಿಗಾಗಿ. ಅದು ತಮಗಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಹೇಳಬೇಕಾದದ್ದು ಇದ್ದವರಿಗೇ ಕಾಣದ ಸಂಗತಿ. ‘ಉಳ್ಳವರು’, ‘ಅನುಕೂಲಸ್ಥರು’ ಎಂಬವೂ ಆಗುವುದಿಲ್ಲ. ವಚನಗಳ ಕಾಲದಿಂದ ಉಳ್ಳವರೆಂದರೆ ಹಣವುಳ್ಳವರು. ಇಂಥ ಕೂಟಗಳಲ್ಲಿ ಮೊದಲು ಏಳುವ ತಕರಾರೇ ‘ನಾನು ಬಡ ಬಿಳಿಯ, ನನಗೆಲ್ಲಿಯ ಪ್ರಿವಿಲೇಜು?’ ಎಂಬುದು. ನಾವು ಆರಿಸಿದ ಪದವೇ ಆ ಗೊಂದಲಕ್ಕೆ ನೀರೆರೆಯಬಾರದು.

‘ವೈಟ್ ಪ್ರಿವಿಲೇಜ್’ ಎಂಬ ಮಾತನ್ನು ತರಗತಿಗಳಿಗೂ ಕೂಟಗಳಿಗೂ ತಂದವರಲ್ಲಿ ಮುಖ್ಯರು ಪೆಗ್ಗಿ ಮ್ಯಾಕಿಂಟಾಶ್. ವೆಲ್ಸ್ಲಿ ಕಾಲೇಜಿನಲ್ಲಿದ್ದ ಅವರು 1988ರ ಪ್ರಬಂಧದಲ್ಲಿ ಬಿಳಿಯಳಾದ ತನಗೆ ದಿನನಿತ್ಯ ಒದಗುವ 46 ಸಂಗತಿಗಳನ್ನು ಪಟ್ಟಿ ಮಾಡಿದರು. ಅಂಗಡಿಯಲ್ಲಿ ಯಾರೂ ಹಿಂದೆ ಹಿಂದೆ ಬಂದು ಕಾವಲು ಕಾಯುವುದಿಲ್ಲ; ‘ಮೈಬಣ್ಣದ’ ಬ್ಯಾಂಡೇಜು ತನ್ನ ಮೈಬಣ್ಣಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ; ಇಂಥವು. ‘ಪ್ರಿವಿಲೇಜ್’ ಪದ ದಾರಿ ತಪ್ಪಿಸುತ್ತದೆಂದು ಆ ಪ್ರಬಂಧದಲ್ಲಿ ಅವರೇ ಹೇಳಿ, ಅದನ್ನು ಒಡೆದು ನೋಡುತ್ತಾರೆ. ಒಂದು, ದುಡಿದು ಗಳಿಸದೆ ಬಂದ ಅನುಕೂಲ. ಇದರಲ್ಲಿ ಕೆಲವು ಎಲ್ಲರಿಗೂ ಸಿಗಬೇಕಾದವೇ, ಉದಾಹರಣೆಗೆ ನೆರೆಹೊರೆಯವರ ಸೌಜನ್ಯ. ಇನ್ನೊಂದು, ಬೇರೆಯವರನ್ನು ಕಡೆಗಣಿಸಿಯೂ ದಕ್ಕಿಸಿಕೊಳ್ಳಬಹುದಾದ, ವ್ಯವಸ್ಥೆಯೇ ಕೈಗಿಟ್ಟ ಅಧಿಕಾರ. ಕನ್ನಡದಲ್ಲೂ ಎರಡು ಪದ ಇಟ್ಟುಕೊಳ್ಳೋಣ: ಮೊದಲನೆಯದಕ್ಕೆ ‘ಹುಟ್ಟಿನ ಅನುಕೂಲ’, ಎರಡನೆಯದಕ್ಕೆ ‘ಹುಟ್ಟಿನ ಮೇಲುಗೈ’. ಶೀರ್ಷಿಕೆಗೆ ‘ಬಿಳಿಯರಿಗೆ ಹುಟ್ಟಿನಿಂದ ಬಂದ ಅನುಕೂಲ’ ಸಾಕು. ಬರೀ ‘ಮೇಲುಗೈ’ ಎನ್ನಬೇಡಿ. ಅದರ ಬೆನ್ನಿಗೇ ‘ಸಾಧಿಸು’ ಬರುವುದು ರೂಢಿಯಾದ್ದರಿಂದ ಗೆದ್ದು ಪಡೆದದ್ದು ಎಂಬ ಧ್ವನಿ ಹೊರಡುತ್ತದೆ.

‘ಮುಂದೆ ಹೆಜ್ಜೆ, ಹಿಂದೆ ಹೆಜ್ಜೆ’ ಚಟುವಟಿಕೆ (ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಓದಿ ಹೇಳುವ ಒಂದೊಂದು ವಾಕ್ಯಕ್ಕೂ ತಮ್ಮ ಉತ್ತರದಂತೆ ಮುಂದೆ ಅಥವಾ ಹಿಂದೆ ಹೆಜ್ಜೆ ಇಡುವುದು) ಇದ್ದರೆ ವಾಕ್ಯಗಳಲ್ಲಿ ಈ ನಾಮಪದಗಳನ್ನು ಬಳಸಲೇಬೇಡಿ, ಕ್ರಿಯಾಪದದಲ್ಲಿ ಕೇಳಿ. ‘ಬಾಡಿಗೆ ಮನೆ ಕೇಳಲು ಹೋದಾಗ ನಿಮ್ಮ ಬಣ್ಣ ನೋಡಿ ಮಾತು ಬದಲಾಗಿದೆಯೇ?’ ಎಂಬಂತೆ. ನಿಷೇಧದ ಪ್ರಶ್ನೆಯಂತೂ ಕೂಡದು. ‘ಪೊಲೀಸರು ನಿಮ್ಮನ್ನು ಸುಮ್ಮಸುಮ್ಮನೆ ತಡೆದಿಲ್ಲವೇ?’ ಎಂದರೆ ‘ಹೌದು’ ಎಂಬುದಕ್ಕೆ ತಡೆದಿಲ್ಲ ಎಂಬ ಅರ್ಥವೂ ಬರುತ್ತದೆ, ತಡೆದಿದ್ದಾರೆ ಎಂಬ ಅರ್ಥವೂ ಬರುತ್ತದೆ. ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ.

ಆ ಚಟುವಟಿಕೆಯನ್ನೇ ಕೈಬಿಡಿ ಎಂದೂ ಹೇಳುತ್ತೇನೆ. ಕೊನೆಯಲ್ಲಿ ಹಿಂದೆ ಉಳಿಯುವವರು ಕಪ್ಪು ಜನ, ಅಥವಾ ನಮ್ಮವರಲ್ಲಾದರೆ ದಲಿತರು. ಉಳಿದವರ ಪಾಠಕ್ಕೆ ಅವರು ಕೇಳದೆಯೇ ಪ್ರದರ್ಶನದ ವಸ್ತುವಾಗುತ್ತಾರೆ. ಹತ್ತು ಹನ್ನೆರಡು ವಾಕ್ಯಗಳ ಹಾಳೆ ಕೊಟ್ಟು ತಮ್ಮಷ್ಟಕ್ಕೆ ಗುರುತು ಹಾಕಿಕೊಳ್ಳಲು ಬಿಡಿ. ಮೊತ್ತ ಎಷ್ಟೆಂದು ಕೇಳಬೇಡಿ. ಯಾವ ವಾಕ್ಯ ಅಚ್ಚರಿ ತಂದಿತು ಎಂದಷ್ಟೇ ಕೇಳಿ.

‘ರೇಸ್’ಗೆ ‘ಜನಾಂಗ’ ರೂಢಿಯಲ್ಲಿದೆ. ಆದರೆ ಕರ್ನಾಟಕದಲ್ಲಿ ‘ಕುರುಬ ಜನಾಂಗ’, ‘ಒಕ್ಕಲಿಗ ಜನಾಂಗ’ ಎನ್ನುವಾಗ ಅದು ಜಾತಿ. ‘ಯುವಜನಾಂಗ’ ಎನ್ನುವಾಗ ಅದೂ ಅಲ್ಲ. ‘ವರ್ಣ’ ಇನ್ನೂ ತೊಡಕು, ನಾಲ್ಕು ವರ್ಣಗಳು ಬಂದು ಕೂರುತ್ತವೆ. ‘ಜನಾಂಗ’ವನ್ನೇ ಇಟ್ಟು, ಮೊದಲ ಸಲ ಬಂದಲ್ಲಿ ‘ಮೈಬಣ್ಣ, ಮೂಲ ನೋಡಿ ಸಮಾಜ ಹಚ್ಚಿದ ಗುರುತು’ ಎಂದು ಬಿಡಿಸಿ ಹೇಳಿ. ‘ಸಾಮಾಜಿಕ ನ್ಯಾಯ’ ನೆಲೆನಿಂತ ಪದ, ಸಂವಿಧಾನದ ಪೀಠಿಕೆಯಲ್ಲೇ ಇದೆ. ಹಿಂದುಳಿದವರ ಮೀಸಲಾತಿಗೆ ದಾರಿ ಮಾಡಿದ 1918ರ ಮಿಲ್ಲರ್ ಸಮಿತಿ, ದೇವರಾಜ ಅರಸರ ಕಾಲದ ಹಾವನೂರು ಆಯೋಗ ಇವುಗಳಿಂದಾಗಿ ನಮ್ಮ ಹಿರಿಯರಿಗೆ ಮೀಸಲಾತಿಯೇ ಮೊದಲು ನೆನಪಾಗುತ್ತದೆ, ಅಷ್ಟು ಗಮನದಲ್ಲಿರಲಿ. ಕಪ್ಪು ಜನರನ್ನು ‘ಕರಿಯ’, ‘ನೀಗ್ರೋ’ ಎನ್ನುವುದು ಹಳೆಯ ಪಠ್ಯಗಳಿಂದ ಬಂದ ಚಾಳಿ. ಕೈಪಿಡಿಗೆ ಬೇಡ.

ಉತ್ತರ 2

ಮೇಲಿನವರು ಬಿಟ್ಟದ್ದನ್ನು ಸೇರಿಸುತ್ತೇನೆ.

‘ಕಾಕಸ್’ ಎಂದರೆ ಬಿಳಿಯರು ಒಂದು ಕೋಣೆ, ಉಳಿದವರು ಇನ್ನೊಂದು ಕೋಣೆಯಲ್ಲಿ ಕೂತು ಮಾತಾಡಿ, ಆಮೇಲೆ ಒಟ್ಟು ಸೇರುವುದು. ಬಿಳಿಯರ ತಪ್ಪೊಪ್ಪಿಗೆ, ಅಳು ಇವನ್ನು ಕಪ್ಪು ಜನ ಸಂತೈಸುತ್ತ ಕೂರುವಂತಾಗಬಾರದು ಎಂಬುದು ಇದರ ಕಾರಣ. ಇದಕ್ಕೆ ‘ಪ್ರತ್ಯೇಕ ಪಂಕ್ತಿ’ ಎಂದೇನಾದರೂ ಬರೆದಿರೋ, ಊಟದ ಪಂಕ್ತಿಭೇದವೇ ಕಣ್ಣಮುಂದೆ ಬರುತ್ತದೆ. ‘ತಮ್ಮತಮ್ಮವರ ಸುತ್ತು’, ಆಮೇಲಿನದಕ್ಕೆ ‘ಕೂಡುಸುತ್ತು’ ಎನ್ನಿ. ಕಾರಣವನ್ನೂ ಎಷ್ಟು ನಿಮಿಷವೆಂಬುದನ್ನೂ ಆಹ್ವಾನದಲ್ಲೇ ತಿಳಿಸಿ. ಆ ದಿನ ಬಾಗಿಲಲ್ಲಿ ನಿಂತು ಹೇಳಿದರೆ ಜಗಳ ಖಾತ್ರಿ.

ಆಗ ಕನ್ನಡದವರು ಎಲ್ಲಿ ಕೂರಬೇಕು? ಇದನ್ನು ಕೈಪಿಡಿ ಹೇಳಲೇಬೇಕು. 1923ರಲ್ಲಿ, ಭಾರತದಿಂದ ಅಮೆರಿಕಕ್ಕೆ ಹೋಗಿದ್ದ ಭಗತ್ ಸಿಂಗ್ ಥಿಂಡ್ ಎಂಬವರ ಪರವಾಗಿ, ಅವರು ಆರ್ಯರು, ಮೇಲ್ಜಾತಿಯವರು, ಆದ್ದರಿಂದ ಬಿಳಿಯರೆಂದು ಪೌರತ್ವಕ್ಕೆ ಅರ್ಹರು ಎಂಬ ವಾದವಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2023ರಲ್ಲಿ ಸಿಯಾಟಲ್ ನಗರ ತಾರತಮ್ಯ ನಿಷೇಧದ ಪಟ್ಟಿಗೆ ಜಾತಿಯನ್ನೂ ಸೇರಿಸಿತು. ಬಣ್ಣದ ಲೆಕ್ಕದಲ್ಲಿ ಹೊರಗಿದ್ದವರು ಜಾತಿಯ ಲೆಕ್ಕದಲ್ಲಿ ಒಳಗಿರಬಹುದು. ‘ಹುಟ್ಟಿನ ಅನುಕೂಲ’ ಎಂಬ ಪದ ಎರಡಕ್ಕೂ ಒದಗುವುದರಿಂದ ನನ್ನ ಮತವೂ ಅದಕ್ಕೇ.

‘ಆಲೈ’ ಎಂದರೆ ತಾರತಮ್ಯಕ್ಕೆ ಒಳಗಾದವರ ಪರ ನಿಲ್ಲುವ ಬೇರೆ ಗುಂಪಿನವರು. ಅದಕ್ಕೆ ‘ಮಿತ್ರಪಕ್ಷ’ ಎಂದರೆ ಸಮ್ಮಿಶ್ರ ಸರ್ಕಾರ, ‘ಬೆಂಬಲಿಗ’ ಎಂದರೆ ಚುನಾವಣೆ. ‘ಜೊತೆ ನಿಲ್ಲುವವರು’ ಎಂದುಬಿಡಿ. ಕೂಟದ ಮಾತುಕತೆ ನಡೆಸಿಕೊಡುವ ‘ಫೆಸಿಲಿಟೇಟರ್’ಗೆ ಶಿಕ್ಷಕರ ತರಬೇತಿಗಳಲ್ಲಿ ಓಡಾಡುವ ‘ಸುಗಮಕಾರ’ ಇದೆ. ‘ನಿರೂಪಕ’ ಬೇಡ, ವೇದಿಕೆ, ಮೈಕು ನೆನಪಾಗುತ್ತದೆ. ಎಂಟರಿಂದ ಹನ್ನೆರಡು ಜನಕ್ಕೆ ಇಬ್ಬರು ಸುಗಮಕಾರರು, ಇಬ್ಬರೂ ಬೇರೆ ಬೇರೆ ಜನಾಂಗದವರಾಗಿರಲಿ.

ಇನ್ನೊಂದು ಸೂಕ್ಷ್ಮ. ತೆಲುಗಿನಲ್ಲಿ ‘ಮನಂ’, ‘ಮೇಮು’, ತಮಿಳಿನಲ್ಲಿ ‘ನಾಂ’, ‘ನಾಂಗಳ್’ ಎಂದು ಕೇಳುವವರನ್ನು ಸೇರಿಸಿದ, ಸೇರಿಸದ ಎರಡು ‘ನಾವು’ ಇವೆ. ನಮಗೆ ಒಂದೇ. ಕೈಪಿಡಿಯಲ್ಲಿ ‘ನಾವು ಮೊದಲು ಕೇಳಿಸಿಕೊಳ್ಳಬೇಕು’ ಎಂದರೆ ಯಾರು? ಬಿಳಿಯರೋ, ಎಲ್ಲರೋ? ಪ್ರತಿ ‘ನಾವು’ ಬಂದಲ್ಲಿ ‘ಇಲ್ಲಿ ಕೂತ ಎಲ್ಲರೂ’, ‘ಬಿಳಿಯರಾದವರು’, ‘ಭಾರತದಿಂದ ಬಂದವರು’ ಎಂದು ಹೆಸರಿಟ್ಟು ಬರೆಯಿರಿ. ಅಚ್ಚಿಗೆ ಮೊದಲು ಇಂಗ್ಲಿಷ್ ಮೂಲ ಓದದ ಇಬ್ಬರ ಕೈಗೆ ಕರಡು ಕೊಟ್ಟು, ಒಂದೊಂದು ವಾಕ್ಯಕ್ಕೂ ‘ಇದು ಯಾರ ಬಗ್ಗೆ?’ ಎಂದು ಕೇಳಿ ನೋಡಿ. ಅವರು ತಡವರಿಸಿದ ವಾಕ್ಯಗಳನ್ನು ಇಲ್ಲಿಗೆ ಹಾಕಿದರೆ ಮುಂದಿನ ಸುತ್ತು ಅವುಗಳ ಮೇಲೇ ಮಾಡಬಹುದು.